ಚಮಚದ ಮೇಡಮ್ಮನ ಮೂರು ಮಧ್ಯಾಹ್ನ

ರಾಗಿಮುದ್ದೆ ನುಂಗುವುದರಲ್ಲಿ ನನ್ನನ್ನು ಮೀರಿಸುವ ಗಂಡಸು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಬೇಕೆಂದು ಯಾವುದಾದರೂ ತಾಯಿಯ ಹೊಟ್ಟೆಯಲ್ಲಿ ಕಾದಿದ್ದವನೂ ನನ್ನ ಹೆಸರು ಕೇಳಿ ಅಲ್ಲೇ ಉಳಿದುಕೊಂಡಿರಬೇಕು. ನಾನು ಅಂಕಯ್ಯ, ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದವನು. ಮಾಗಡಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಡ್ರೈವರು ಕೈ ತೊಳೆದು ಬರುವಷ್ಟರಲ್ಲಿ ಎರಡು ಮುದ್ದೆ ಮುಗಿಸಿ ಬಸ್ಸಿನ ಬಾಗಿಲಲ್ಲಿ ನಿಂತು ರೈಟ್ ಅಂದಿರುತ್ತಿದ್ದೆ. ಮುದ್ದೆಯ ಗಾತ್ರ ಕೇಳಬೇಡಿ. ಒಮ್ಮೆ ಅದನ್ನು ತಟ್ಟೆಗೆ ಹಾಕಿದ ರಭಸಕ್ಕೆ ಪಕ್ಕದ ಮೂರು ಟೇಬಲ್ಲಿನ ಲೋಟಗಳು ತಾವಾಗಿಯೇ ಹಿಂದೆ ಸರಿದು ಜಾಗ ಬಿಟ್ಟವು. ಇಷ್ಟರಲ್ಲಿ ಒಂದು ತುತ್ತನ್ನಾದರೂ ಹಲ್ಲಿಗೆ ತಗುಲಿಸಿದ್ದರೆ ಕೇಳಿ. ಮುದ್ದೆಯನ್ನು ಜಗಿಯುವವನಿಗೆ ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಆದರೆ ನಾನು ಬರೆಯಹೊರಟಿರುವುದು ನನ್ನ ಗಂಟಲಿನ ಚರಿತ್ರೆಯನ್ನಲ್ಲ, ಆ ಗಂಟಲನ್ನು ಜಪ್ತಿ ಮಾಡಿದ ರಾಧಾಮಣಿ ಮೇಡಮ್ಮನವರ ಕಥೆಯನ್ನು.

ಹೋದ ವರ್ಷ ಬೇಸಿಗೆಯ ಮೊದಲಲ್ಲಿ ನನಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಬಲಗೆನ್ನೆ ಮೂರೂ ಒಂದೇ ದಿನ ನಿವೃತ್ತಿ ಪಡೆದವು. ಬಾಯಿ ಎಷ್ಟು ಸೊಟ್ಟಗಾಯಿತೆಂದರೆ, ಎದುರಿಗೆ ನಿಂತವನನ್ನು ಕರೆದರೆ ಮಗ್ಗುಲ ಬೀದಿಯವನು ಓಗೊಡುತ್ತಿದ್ದ. ಚನ್ನಪಟ್ಟಣದ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ, ಮಾತು ಮತ್ತು ನುಂಗುವ ತೊಂದರೆಗೆ ಚಿಕಿತ್ಸೆ ಕೊಡುವ ಒಂದು ಕೋಣೆಯಿದೆ. ಹೆಸರು ಬೇಡ, ಒಂದು ಖಾಸಗಿ ಕಾಲೇಜು ತನ್ನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೆಲಸ ಕಲಿಯಲು ಅಲ್ಲಿಗೆ ಕಳಿಸುತ್ತದೆ. ಅವರನ್ನು ತಿದ್ದಿ ತೀಡಿ ಹೊರಗೆ ಬಿಡುವವರು ರಾಧಾಮಣಿ.

ಐವತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ದಾರ ಕಟ್ಟಿದ ಪುಟ್ಟ ಟಾರ್ಚು, ಕೈಚೀಲದಲ್ಲಿ ಸ್ಟೀಲಿನ ನಾಲ್ಕು ಚಮಚ. ಅದಕ್ಕೇ ಆಸ್ಪತ್ರೆಯಲ್ಲಿ ಎಲ್ಲರೂ ಚಮಚದ ಮೇಡಂ ಅನ್ನುತ್ತಾರೆ. ನಕ್ಕಿದ್ದನ್ನು ಕಂಡವರು ಮೂರೇ ಜನ, ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಆಕೆಯ ಅಪ್ಪ ಮುನಿಶಾಮಯ್ಯ ಚನ್ನಪಟ್ಟಣದಲ್ಲೇ ಬೊಂಬೆ ಕಡೆಯುತ್ತಿದ್ದವರು. ಆ ಮನುಷ್ಯನಿಗೆ ಒಂದು ಅಭ್ಯಾಸವಿತ್ತು. ಬಣ್ಣ ಹಾಕಿ ಮುಗಿಸಿದ ಗಿಲಿಕೆಯನ್ನೋ ಬುಗುರಿಯನ್ನೋ ಮೊದಲು ತನ್ನ ತುಟಿಯ ಮೇಲೆ ಸುತ್ತಲೂ ಸವರಿಕೊಂಡು, ಆಮೇಲೆ ಬಾಯಿಗೆ ಹಾಕಿಕೊಂಡು ನೋಡದೆ ಅಂಗಡಿಗೆ ಕಳಿಸುತ್ತಿರಲಿಲ್ಲ. ಯಾರಾದರೂ ಅಸಹ್ಯಪಟ್ಟರೆ, "ಮಗು ಇದ್ನ ಕಿವಿಗೆ ಇಟ್ಕತದಾ? ಬಾಯ್ಗೇ ತಾನೆ ಇಟ್ಕಳದು?" ಅನ್ನುತ್ತಿದ್ದರಂತೆ. ಮಗಳು ಬೊಂಬೆ ಬಿಟ್ಟು ಓದಿಗೆ ಹೋದಳು, ಅಪ್ಪನ ಅಭ್ಯಾಸ ಮಾತ್ರ ಬಿಡಲಿಲ್ಲ.

ಇನ್ನು ನನಗೆ ಹೇಸಿಗೆ ಹುಟ್ಟಿಸಿದ್ದನ್ನು ಹೇಳಬೇಕು. ಅದು ಒಂದು ನೀಲಿ ರಟ್ಟಿನ ಪುಸ್ತಕ.

ಪ್ರತಿ ವಿದ್ಯಾರ್ಥಿಯೂ ಇಷ್ಟು ಗಂಟೆ ರೋಗಿಗಳ ಜೊತೆ ಕೂತಿರಬೇಕು, ಏನು ನೋಡಿದೆ ಎಂದು ಆ ಪುಸ್ತಕದಲ್ಲಿ ಬರೆಯಬೇಕು, ಕೆಳಗೆ ರೋಗಿಯ ರುಜು, ಅದರ ಕೆಳಗೆ ಮೇಡಂ ಸಹಿ. ಪುಸ್ತಕ ತುಂಬಿದರೆ ಓದು ಮುಗಿಯಿತು, ಕೆಲಸಕ್ಕೆ ಹೋಗಬಹುದು. ತುಂಬದಿದ್ದರೆ ಇನ್ನೂ ಆರು ತಿಂಗಳು. ಹಾಗಾಗಿ ಬಂದವರಿಗೆಲ್ಲ ರೋಗಿಯ ಮುಖಕ್ಕಿಂತ ಗೋಡೆ ಗಡಿಯಾರದ ಮುಖವೇ ಹೆಚ್ಚು ಪರಿಚಯ. ಹತ್ತು ನಿಮಿಷ ಕೂತು ಒಂದು ಗಂಟೆ ಬರೆಯುವುದು, ಬಾರದ ರೋಗಿ ಬಂದನೆಂದು ಬರೆಯುವುದು. ನಾನು ಕಂಡಕ್ಟರು ಸ್ವಾಮಿ, ಡಿಪೋದಲ್ಲೇ ನಿಂತ ಬಸ್ಸಿಗೆ ಟ್ರಿಪ್ಪಿನ ಲೆಕ್ಕದ ವೇ-ಬಿಲ್ ತುಂಬಿಸುವವರನ್ನು ಕಂಡವನು. ಆದರೆ ಅವರೂ ಇಷ್ಟು ದುಂಡಗಿನ ಅಕ್ಷರದಲ್ಲಿ ಸುಳ್ಳು ಬರೆಯುತ್ತಿರಲಿಲ್ಲ. ಮೇಲಾಗಿ ಜೊಲ್ಲು ಕಂಡರೆ ಇವರಿಗೆ ಹೆದರಿಕೆ. ಒಂದರ ಮೇಲೊಂದು ಎರಡು ಜೊತೆ ಗ್ಲೌಸು, ಮೂಗಿಗೆ ಮಾಸ್ಕು, ಮೂರು ಅಡಿ ದೂರದಿಂದ ಚಮಚ ಚಾಚುವ ಅವರ ವೈಖರಿ ಕಂಡರೆ, ನಾನು ಮನುಷ್ಯನೋ ಬೋನಿನ ಚಿರತೆಯೋ ಎಂದು ನನಗೇ ಅನುಮಾನವಾಗುತ್ತಿತ್ತು.

ನನ್ನ ಪಾಲಿಗೆ ಬಂದವಳು ಚೈತ್ರಾ. ರಾಮನಗರದ ಐಜೂರಿನ ಹುಡುಗಿ, ಚುರುಕು, ನನ್ನ ಸೊಟ್ಟ ಬಾಯಿಯ ಜೋಕಿಗೂ ನಗುತ್ತಿದ್ದಳು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಗಲೇ ಕೆಲಸ ಸಿಕ್ಕಿತ್ತು, ಮುಂದಿನ ತಿಂಗಳ ಒಂದನೇ ತಾರೀಕಿಗೆ ಸೇರಬೇಕು. ಪುಸ್ತಕದಲ್ಲಿ ಉಳಿದಿದ್ದು ಒಂದೇ ಒಂದು ಸಾಲು: ರೋಗಿ ಮನೆಯ ಊಟ ಮಾಡುವುದನ್ನು ಎದುರಿಗೆ ಕೂತು ನಲವತ್ತೈದು ನಿಮಿಷ ನೋಡಬೇಕು.

ಅದಕ್ಕೆ ಗೊತ್ತಾದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯಲ್ಲೇ ನನಗೆ ಎರಡು ಮಾರಿ ಬಿಸ್ಕತ್ತು ಕೊಟ್ಟಳು. ಕರಕರ ಅಗಿದು ತಿಂದೆ. "ಚೆನ್ನಾಗಿ ಅಗೀತೀರಲ್ವಾ ತಾತ?" ಅಂದಳು. "ಕಬ್ಬಿಣದ ಕಡ್ಲೆ ಕೊಟ್ರೂ ಅಗೀತೀನಿ ಕಣವ್ವ" ಅಂದೆ. ಊಟ ನೋಡಲು ವಿರೂಪಾಕ್ಷಿಪುರದ ಪಕ್ಕದ ನಮ್ಮೂರಿಗೆ ಬರಬೇಕಿತ್ತು. ಮಧ್ಯಾಹ್ನದ ಬಸ್ಸಿಗೆ ಬಂದರೆ ವಾಪಸು ಹೋಗುವ ಬಸ್ಸು ಸಂಜೆಗೇ. ಆಕೆ ಗಡಿಯಾರ ನೋಡಿದಳು, ನಾನು ದೊಡ್ಡ ಮನುಷ್ಯನಾದೆ.

"ಓಗವ್ವ ಓಗು. ಅರವತ್ತೆಂಟು ವರ್ಸದಿಂದ ನುಂಗ್ತಿವ್ನಿ, ಇವತ್ತು ಮರ್ತೋಗ್ಬುಡ್ತೀನಾ? ಎಲ್ಲಿ ತಾ, ರುಜು ಹಾಕ್ತೀನಿ" ಎಂದು ಎಡಗೈಯಲ್ಲೇ ಗೀಚಿಕೊಟ್ಟೆ.

ಚೈತ್ರಾ ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮನ ಕೈಗೊಂದು ಅಚ್ಚು ಹಾಕಿದ ಹಾಳೆ ಕೊಟ್ಟು ಹೋದಳು. ಮೇಲ್ಗಡೆ ದಪ್ಪಕ್ಷರದಲ್ಲಿ 'ಮೆತ್ತಗಿನ ಆಹಾರ ಕೊಡಿ' ಎಂದಿತ್ತು. ಕೆಳಗೆ ಯಾವುದೋ ದೇಶದ ಬಟ್ಟಲಿನಲ್ಲಿ ಯಾವುದೋ ಹಳದಿ ಪದಾರ್ಥದ ಚಿತ್ರ. ಚಿಕ್ಕಲಕ್ಷ್ಮಮ್ಮ ಮನೆಗೆ ಬಂದು ಆ ಹಾಳೆಯನ್ನು ಎರಡು ಸಲ ಓದಿ, ಮೆತ್ತಗಿನದು ಅಂದರೆ ನಮ್ಮ ಅಡುಗೆಮನೆಯಲ್ಲಿ ಮತ್ತಿನ್ನೇನಿದೆ ಎಂದು ಬಿಸಿಬಿಸಿ ಮುದ್ದೆ ತೊಳಸಿ, ಉಪ್ಸಾರು ಬಿಟ್ಟು ಮುಂದಿಟ್ಟಳು. ಅವಳ ತಪ್ಪೇನಿದೆ ಹೇಳಿ. ಮುದ್ದೆಗಿಂತ ಮೆತ್ತಗಿರುವುದು ನಮ್ಮ ಮನೆಯಲ್ಲಿ ಬೆಕ್ಕು ಒಂದೇ.

ಎಡಗೈಯಲ್ಲಿ ಮುರಿದು, ಸಾರಲ್ಲಿ ಹೊರಳಿಸಿ, ಹಳೆಯ ವೇಗದಲ್ಲೇ ಒಳಗೆ ಬಿಟ್ಟೆ. ಮೊದಲನೆಯದು ಹೋಯಿತು. ಎರಡನೆಯದು ಹೋಗಬೇಕಾದ ರಸ್ತೆ ಬಿಟ್ಟು ಪಕ್ಕದ ರಸ್ತೆಗೆ ತಿರುಗಿತು. ನಾನು ಕೆಮ್ಮಿದ ಕೆಮ್ಮಿಗೆ ಹಿತ್ತಲಿನ ನುಗ್ಗೆಮರದ ಕಾಯೆಲ್ಲ ಉದುರಿದವು. ಆಮೇಲೆ ಕೆಮ್ಮೂ ಬರಲಿಲ್ಲ, ಅದು ಜೋಕಲ್ಲ. ಹೆಂಡತಿ ಬೆನ್ನಿಗೆ ಗುದ್ದಿದ್ದು, ಪಕ್ಕದ ಮನೆಯವರ ಗೂಡ್ಸ್ ಆಟೋ, ಮೂಗಿಗೆ ಆಮ್ಲಜನಕ, ಎದೆಯಲ್ಲಿ ಕೀವು, ಒಂಬತ್ತು ದಿನ ಆಸ್ಪತ್ರೆ. ನಾಲ್ಕು ತಾಲ್ಲೂಕಿನ ಚಾಂಪಿಯನ್ನು ಎರಡನೇ ತುತ್ತಿಗೇ ಔಟು.

ಐದನೆಯ ದಿನ ರಾಧಾಮಣಿ ನನ್ನ ಮಂಚದ ಪಕ್ಕ ಬಂದು ನಿಂತರು. ಹಿಂದೆ ಚೈತ್ರಾ, ಕೈಯಲ್ಲಿ ನೀಲಿ ಪುಸ್ತಕ. ಮೇಡಂ ಅದನ್ನು ತೆರೆದು ಓದಿದರು.

"ಊಟದ ವೀಕ್ಷಣೆ, ನಲವತ್ತೈದು ನಿಮಿಷ, ರೋಗಿಯ ಮನೆಯಲ್ಲಿ. ಚೆನ್ನಾಗಿ ಅಗಿದು ನುಂಗುತ್ತಾರೆ. ಹೌದೇನಮ್ಮಾ?"

"ಹೌದು ಮೇಡಂ."

"ಯಾವ ಸಾರಿತ್ತು ಅವತ್ತು?"

ನಾನು ಮೇಡಂ ಬೆನ್ನ ಹಿಂದಿನಿಂದ ಕಣ್ಣು, ಹುಬ್ಬು, ಎಡಗೈ ಎಲ್ಲ ಬಳಸಿ ಸೂಚನೆ ಕೊಟ್ಟೆ. ಉಪ್ಸಾರನ್ನು ಹುಬ್ಬಿನಲ್ಲಿ ಹೇಳುವುದು ಹೇಗೆಂದು ಯಾರೂ ಕಂಡುಹಿಡಿದಿಲ್ಲ.

"ಸೊಪ್ಪಿನ ಸಾರು" ಅಂದಳು ಚೈತ್ರಾ.

"ಉಪ್ಸಾರು ಕಣವ್ವ, ಖಾರ ನಾನೇ ಅರ್ದಿದ್ದೆ" ಅಂದಳು ಚಿಕ್ಕಲಕ್ಷ್ಮಮ್ಮ, ಯಾರನ್ನೂ ಕಾಪಾಡುವ ಉದ್ದೇಶವಿಲ್ಲದೆ.

ನಾನು ಮಧ್ಯೆ ಬಾಯಿ ಹಾಕಿದೆ. "ಮೇಡಂ, ತೆಪ್ಪು ನಂದು. ನಾನೇ ಓಗು ಅಂದಿದ್ದು."

"ನಿಮ್ಮ ತಪ್ಪಿನ ಲೆಕ್ಕ ಆಮೇಲೆ ಯಜಮಾನ್ರೇ. ನೀವು ಪರೀಕ್ಷೆ ಕಟ್ಟಿಲ್ಲ." ಹುಡುಗಿಯ ಕಡೆ ತಿರುಗಿದರು. "ನಿಮ್ಮನೇಲಿ ಮುದ್ದೆ ಮಾಡಲ್ವಾ?"

"ದಿನಾ ಮಾಡ್ತಾರೆ ಮೇಡಂ."

"ನೀನು ಅಗೀತೀಯಾ?"

ಚೈತ್ರಾಳ ಕಣ್ಣಲ್ಲಿ ನೀರು ಬಂತು. "ಇಲ್ಲ ಮೇಡಂ. ಹುಟ್ಟಿದಾಗ್ಲಿಂದ ನುಂಗ್ತಿದೀನಿ. ಅದು... ಅದು ಕೇಳೋ ವಿಷ್ಯ ಅಂತ ನನಗೆ ಹೊಳೀಲೇ ಇಲ್ಲ."

"ಅಲ್ಲೇ ಹೋಗಿ ಕೂತಿದ್ರೆ ಹೊಳೀತಿತ್ತು. ಈ ಕಡೆ ಜನ ಮುದ್ದೆಯನ್ನ ಜಗಿಯಲ್ಲ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದಕ್ಕೇ ನಿನ್ನನ್ನ ಊಟದ ಹೊತ್ತಿಗೆ ಕಳ್ಸಿದ್ದು." ಮೇಡಂ ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದರು. ಸಹಿ ಹಾಕಲಿಲ್ಲ.

ಆಗ ಶುರುವಾಯಿತು ನೋಡಿ ಕಾಲೇಜಿನ ಸಂಕಟ. ಯೋಗಾನಂದ ಎಂಬುವರು ಅಲ್ಲಿಯ ಸಂಯೋಜಕರು, ದಿನಕ್ಕೆ ನಾಲ್ಕು ಸಲ ಫೋನು. ನಾನು ಮನೆಗೆ ಬರುವ ಹೊತ್ತಿಗೆ ಗಡುವು ಗೊತ್ತಾಗಿತ್ತು: ಶುಕ್ರವಾರ ಸಂಜೆ ಐದರೊಳಗೆ ಪುಸ್ತಕ ಕಾಲೇಜಿಗೆ ಸೇರದಿದ್ದರೆ ಚೈತ್ರಾಳ ಮೈಸೂರಿನ ಕೆಲಸ ಹೋಯಿತು, ಆರು ತಿಂಗಳು ಮತ್ತೆ ಅದೇ ಎಕ್ಸ್‌ರೇ ಕೋಣೆಯ ಹಿಂದೆ.

ಮೇಡಂ ಒಂದೇ ಮಾತು ಹೇಳಿದರು. "ಬುಧವಾರ, ಗುರುವಾರ, ಶುಕ್ರವಾರ. ಮೂರು ಮಧ್ಯಾಹ್ನ ಇವರ ಮನೇಲಿ. ನಾನೂ ಬರ್ತೀನಿ. ಆಮೇಲೆ ಸಹಿ ಬಗ್ಗೆ ಮಾತಾಡೋಣ."

ಬುಧವಾರದ ಊಟದ ಕಥೆ ಕೇಳಿ. ನನಗೆ ಗಟ್ಟಿ ಪದಾರ್ಥ ನಿಷೇಧವಾಗಿತ್ತು, ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಬೇಕೆಂದು ಚೈತ್ರಾ ಕೊಟ್ಟ ಹೊಸ ಹಾಳೆಯಲ್ಲಿ ಬರೆದಿತ್ತು. ಚಿಕ್ಕಲಕ್ಷ್ಮಮ್ಮ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಎಲ್ಲವನ್ನೂ ಒಟ್ಟಿಗೇ ಸುರಿದು ತಿರುವಿದಳು. ಹೊರಬಂದದ್ದರ ಬಣ್ಣ ಹೇಳುತ್ತೇನೆ: ಮಳೆಗಾಲದಲ್ಲಿ ಎಮ್ಮೆ ಮಲಗಿ ಎದ್ದ ಜಾಗ. ನಮ್ಮ ಬೆಕ್ಕು ಅದನ್ನು ಮೂಸಿ ಊರು ಬಿಟ್ಟಿತು, ಮೂರು ದಿನ ಬರಲಿಲ್ಲ.

ಮೇಡಂ ಚೀಲದಿಂದ ಚಮಚ ತೆಗೆದು ಮೂರು ತಟ್ಟೆ ಕೇಳಿದರು. ಒಂದು ನನಗೆ, ಒಂದು ತಮಗೆ, ಒಂದು ಚೈತ್ರಾಗೆ.

"ನನಗೂನಾ ಮೇಡಂ?"

"ಎಷ್ಟು ಜನಕ್ಕೆ ಬರೆದುಕೊಟ್ಟಿದೀಯ ಇಲ್ಲೀತನಕ, 'ಎಲ್ಲ ರುಬ್ಬಿ ಕೊಡಿ' ಅಂತ?"

"ಇಪ್ಪತ್ತು... ಇಪ್ಪತ್ತೈದು ಜನಕ್ಕೆ."

"ಇವತ್ತು ಒಬ್ಬರ ಪಾಲಿನದು ತಿನ್ನು. ನಿನ್ನ ಕೈಯಲ್ಲಲ್ಲ. ಅಮ್ಮಾ, ನೀವು ತಿನ್ನಿಸಿ ಇವಳಿಗೆ."

ನನ್ನ ಹೆಂಡತಿಗೆ ಯಾರಿಗಾದರೂ ಉಣ್ಣಿಸಲು ಅವಕಾಶ ಸಿಕ್ಕರೆ ಕೈ ನಿಲ್ಲುವುದಿಲ್ಲ. ಮೊದಲ ಚಮಚ ಒಳಗೆ ಹೋಗುವ ಮುಂಚೆ ಎರಡನೆಯದು ತುಟಿಗೆ ಬಂದಿರುತ್ತದೆ. "ತಕ್ಕೊ ತಕ್ಕೊ, ಒಣಕ್ಲು ಕಡ್ಡಿ ಆಗೋಗಿದೀಯ" ಅನ್ನುತ್ತ ತುಂಬಿದಳು. ಮೂರನೆಯ ಚಮಚಕ್ಕೆ ಹುಡುಗಿ ಎದ್ದು ಹಿತ್ತಲಿಗೆ ಓಡಿದಳು. ನುಗ್ಗೆಮರದ ಬುಡಕ್ಕೆ ಎರಡನೆಯ ಆಘಾತ. ಮೇಡಂ ಮಾತ್ರ ತಮ್ಮ ತಟ್ಟೆಯನ್ನು ಮುಖ ಸಿಂಡರಿಸದೆ ಖಾಲಿ ಮಾಡಿ, ಚಮಚ ಒರೆಸಿಟ್ಟರು. ಅದನ್ನು ಕಂಡು ನನಗೆ ಬಂದ ಅಸಹ್ಯ, ಊಟ ತಿಂದಾಗಲೂ ಬಂದಿರಲಿಲ್ಲ. ಮುನಿಶಾಮಯ್ಯನ ಮಗಳು ಎಂದು ಬಾಯಿ ಮುಚ್ಚಿಕೊಂಡೆ.

ಚೈತ್ರಾ ಮುಖ ತೊಳೆದು ಬಂದಳು. ಬಂದವಳೇ, "ಅಜ್ಜಿ, ಎಲ್ಲಾ ಒಂದೇ ಸಲ ಯಾಕೆ ತಿರುವ್ತೀರಾ? ನಾಳೆ ಬೇರೆ ಬೇರೆ ಮಾಡೋಣ್ವಾ?" ಅಂದಳು.

"ನಿನ್ನ ಹಾಳೇಲಿ ಅಂಗೇ ಬರ್ದಿತ್ತಲ್ಲವ್ವ?"

"ಹಾಳೆ ಬರ್ದವರು ತಿಂದಿರ್ಲಿಲ್ಲ ಅಜ್ಜಿ" ಅಂದಳು ಚೈತ್ರಾ.

ಮೇಡಂ ಅವತ್ತು ಸಹಿ ಹಾಕಲಿಲ್ಲ.

ಗುರುವಾರ ಹುಡುಗಿ ಬೆಳಗಿನ ಬಸ್ಸಿಗೇ ಬಂದಳು. ಹೆಂಡತಿಯ ಜೊತೆ ಒಲೆ ಮುಂದೆ ಕೂತು, ಮುದ್ದೆಯನ್ನು ಸಾರಿನ ಕಟ್ಟಿನಲ್ಲಿ ಕಿವುಚಿ, ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ, ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವ ಹದಕ್ಕೆ ತಂದಳು. ಸೊಪ್ಪು ಬೇರೆ ಬಟ್ಟಲಲ್ಲಿ, ಉಪ್ಸಾರಿನ ಖಾರ ಒಂದು ಬೊಟ್ಟು ಪಕ್ಕಕ್ಕೆ. ಗದ್ದವನ್ನು ಎದೆಗೆ ಬಗ್ಗಿಸಿ ಒಸಿ ಒಸಿಯಾಗಿ ತಿಂದೆ. ಮುದ್ದೆಯೇ ಎನ್ನಲಾರೆ, ಮುದ್ದೆಯ ದೂರದ ನೆಂಟ. ಆದರೂ ಆ ನೆಂಟ ಎರಡು ವಾರದ ಮೇಲೆ ಮನೆಗೆ ಬಂದಿದ್ದ.

ಊಟದ ಮಧ್ಯೆ ಯೋಗಾನಂದರ ಫೋನು. ಮೇಡಂ ಕೈ ಎಂಜಲೆಂದು ಸ್ಪೀಕರಿಗೆ ಹಾಕಿದರು.

"ಮೇಡಂ, ಹನ್ನೊಂದು ಜನದ್ದೂ ಬಂದಾಯ್ತು, ನಿಮ್ದೊಂದೇ ಬಾಕಿ. ಒಂದು ಸಹಿ ಅಲ್ವಾ? ಹುಡುಗಿ ಭವಿಷ್ಯ ಯೋಚ್ನೆ ಮಾಡಿ."

"ಅದನ್ನೇ ನೋಡ್ತಾ ಕೂತಿದೀನಿ ಸಾರ್. ನನ್ನೆದುರಿಗೆ ಊಟ ಮಾಡ್ತಾ ಅದೆ" ಎಂದು ಮೇಡಂ ನನ್ನನ್ನು ತೋರಿಸಿದರು. ಫೋನಿಗೆ ಅದು ಕಾಣಲಿಲ್ಲ.

"ರೂಲ್ಸು ಅಷ್ಟು ಸ್ಟ್ರಿಕ್ಟಾಗಿ ಯಾರೂ ನೋಡಲ್ಲ ಮೇಡಂ. ಗಂಟೆ ತುಂಬಿದ್ರಾಯ್ತು."

ಆ ಮಾತು ಕೇಳಿ ನನಗೆ ಬಾಯಲ್ಲಿದ್ದುದನ್ನು ಅಲ್ಲೇ ಉಗುಳಬೇಕೆನಿಸಿತು. ಒಂಬತ್ತು ದಿನ ನನ್ನ ಎದೆಯಲ್ಲಿ ಕೀವು ತುಂಬಿದ್ದು ಈತನ ಪಾಲಿಗೆ ಗಂಟೆ ತುಂಬದಿರುವುದಕ್ಕಿಂತ ಸಣ್ಣ ವಿಷಯ. ಕತ್ತಲೆಗೆ ಟಾರ್ಚು ಬೇಕಿಲ್ಲ, ಟಾರ್ಚಿನ ರಸೀದಿ ಸಾಕು ಎನ್ನುವ ಜಾತಿ ಇದು. ಬಾಯಲ್ಲಿದ್ದುದು ಚೆನ್ನಾಗಿತ್ತೆಂಬ ಒಂದೇ ಕಾರಣಕ್ಕೆ ಉಗುಳಲಿಲ್ಲ.

ಫೋನು ಇಟ್ಟು ಮೇಡಂ ಚೈತ್ರಾಳನ್ನು ಕೇಳಿದರು, "ಇವತ್ತು ಏನು ನೋಡಿದೆ?"

ಚೈತ್ರಾ ಪುಸ್ತಕ ನೋಡಿ ಓದಿದಳು. "ಹದಿನೆಂಟು ಚಮಚ ಮೇಡಂ. ಇಪ್ಪತ್ತಾರು ನಿಮಿಷ. ಒಂದ್ಸಲ ಕೆಮ್ಮಿದ್ರು. ತಟ್ಟೆ ಖಾಲಿ."

"ತಟ್ಟೆ ನೋಡಿದೀಯ, ಗಡಿಯಾರ ನೋಡಿದೀಯ. ಅಡುಗೆ ಚೆನ್ನಾಗಿತ್ತು. ನಾಳೆ ಮನುಷ್ಯನ್ನ ನೋಡು."

ಸಹಿ ಇಲ್ಲ. ನನಗೆ ಮೇಡಂ ಮೇಲೆ ಸಿಟ್ಟು ಬಂತು. ಇನ್ನೇನು ಬೇಕು ಈ ಹೆಂಗಸಿಗೆ? ಶುಕ್ರವಾರ ನಾನೇ ಹುಡುಗಿಯನ್ನು ಪಾಸು ಮಾಡಿಸುತ್ತೇನೆಂದು ಪಣ ತೊಟ್ಟೆ. ಒಂದು ಕೆಮ್ಮು ಇಲ್ಲ, ಒಂದು ತೊಟ್ಟು ಸೋರುವುದಿಲ್ಲ, ಮದುವೆ ಗಂಡಿನ ಹಾಗೆ ಊಟ ಮಾಡಿ ತೋರಿಸುತ್ತೇನೆ.

ಶುಕ್ರವಾರ ಹಾಗೆಯೇ ಮಾಡಿದೆ. ನೇರ ಕೂತೆ, ಗದ್ದ ಬಗ್ಗಿಸಿದೆ, ಚಮಚಕ್ಕೊಮ್ಮೆ ನುಂಗಿದೆ. ಚೈತ್ರಾ ಆ ದಿನ ಪುಸ್ತಕವನ್ನು ಮುಚ್ಚಿ ಮಣೆಯ ಕೆಳಗೆ ಇಟ್ಟುಬಿಟ್ಟಿದ್ದಳು. ಗಡಿಯಾರಕ್ಕೆ ಬೆನ್ನು ಹಾಕಿ ನನ್ನೆದುರು ಕೂತು ನನ್ನ ಗಂಟಲನ್ನೇ ನೋಡುತ್ತಿದ್ದಳು. ಯಾವ ಹೆಣ್ಣೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ, ಹೆಣ್ಣು ನೋಡಲು ಹೋದ ದಿನ ಚಿಕ್ಕಲಕ್ಷ್ಮಮ್ಮನೂ ಸೇರಿದಂತೆ. ತಟ್ಟೆ ಖಾಲಿಯಾಯಿತು.

"ಮುಗೀತು ಮೇಡಂ! ಆಕಿ ಸೈನು" ಎಂದೆ.

ಮೇಡಂ ಪೆನ್ನು ಮುಟ್ಟಲಿಲ್ಲ. ಚೈತ್ರಾ ಮುಂದೆ ಬಗ್ಗಿದಳು. "ತಾತ, ಒಂದ್ಸಲ ಆ... ಅನ್ನಿ."

"ಆ..." ಅಂದೆ. ನನ್ನ ಕಿವಿಗೆ ಚೆನ್ನಾಗಿಯೇ ಇತ್ತು.

"ಮೊದ್ಲಿನ ಹಾಗಿಲ್ಲ. ನೀರಲ್ಲಿ ಮಾತಾಡ್ದಂಗೆ ಅದೆ. ಬಾಯಿ ತೆಗೀರಿ. ಮೇಡಂ, ಟಾರ್ಚು."

"ಏ, ಏನಿಲ್ಲ ಕಣವ್ವ, ಎಲ್ಲಾ ಒಳಿಕ್ಕೋಯ್ತು."

"ತೆಗೀರಿ ತಾತ."

ತೆಗೆದೆ. ಬಲಗೆನ್ನೆಯ ಒಳಗೆ, ಸ್ಪರ್ಶವೇ ತಿಳಿಯದ ಆ ಸತ್ತ ಮೂಲೆಯಲ್ಲಿ, ನೆಲ್ಲಿಕಾಯಿ ಗಾತ್ರದ ಒಂದು ಉಂಡೆ ಕೂತಿತ್ತು. ಮೂವತ್ತೆರಡು ವರ್ಷ ಟಿಕೆಟಿಲ್ಲದವನನ್ನು ವಾಸನೆಯಿಂದಲೇ ಹಿಡಿಯುತ್ತಿದ್ದ ನನ್ನ ಬಾಯಲ್ಲೇ ಒಬ್ಬ ಟಿಕೆಟಿಲ್ಲದೆ ಕೂತಿದ್ದ, ನನಗೆ ಸುಳಿವೇ ಇರಲಿಲ್ಲ. ಊಟವಾದ ಮೇಲೆ ಅಡ್ಡಾಗಿದ್ದರೆ ಅವನು ಯಾವ ಸ್ಟಾಪಿನಲ್ಲಿ ಇಳಿಯುತ್ತಿದ್ದನೆಂದು ನನಗೆ ಗೊತ್ತು.

ಚೈತ್ರಾ ಒಂದೇ ಜೊತೆ ಗ್ಲೌಸು ಹಾಕಿಕೊಂಡು, ಮಾಸ್ಕಿಲ್ಲದ ಮುಖವನ್ನು ನನ್ನ ಮುಖದ ಹತ್ತಿರ ತಂದು, ಬೆರಳು ಹಾಕಿ ಅದನ್ನು ಗೋರಿ ತೆಗೆದಳು. ಜೊಲ್ಲು ಅವಳ ಮಣಿಕಟ್ಟಿನವರೆಗೆ ಇಳಿಯಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವಳಿಗೆ ಆಗಲಿಲ್ಲ.

"ಇನ್ನೊಂದ್ಸಲ ನುಂಗಿ. ಈಗ ಅನ್ನಿ, ಆ..."

"ಆ..."

"ಈಗ ಸರಿ" ಎಂದು ಅಡುಗೆಮನೆಯ ಕಡೆ ಕೂಗಿದಳು. "ಅಜ್ಜೀ, ಇನ್ಮೇಲೆ ಎಡಗಡೆಯಿಂದ ಕೊಡಿ, ಊಟ ಆದ್ಮೇಲೆ ದಿನಾ ಬಲಗೆನ್ನೆ ಒಳಗೆ ಬೆರಳು ಹಾಕಿ ನೋಡಿ. ಇವರು ಮುಗೀತು ಅಂದ್ರೆ ನಂಬಬೇಡಿ."

"ನಲವತ್ನಾಲ್ಕು ವರ್ಸದಿಂದ ನಂಬಿಲ್ಲ ಬುಡವ್ವ" ಅಂತು ಅಡುಗೆಮನೆ.

ಗಂಟೆ ಮೂರಾಗಿತ್ತು. ಮೇಡಂ ಮಣೆಯ ಕೆಳಗಿಂದ ನೀಲಿ ಪುಸ್ತಕ ಎಳೆದುಕೊಂಡರು. ಗೆರೆ ಹೊಡೆದಿದ್ದ ಸುಳ್ಳು ಸಾಲನ್ನು ತೋರಿಸಿ, "ಇದರ ಪಕ್ಕ ನಿನ್ನ ಕೈಯಲ್ಲೇ ಬರಿ, 'ಹೋಗಿರಲಿಲ್ಲ' ಅಂತ" ಅಂದರು. ಚೈತ್ರಾ ಬರೆದಳು. "ಹರಿದು ಹಾಕ್ಬೇಡ, ವೈಟ್ನರ್ ಹಚ್ಬೇಡ. ಯೋಗಾನಂದ ಸಾರ್ ಕೇಳಿದ್ರೆ ನಾನು ಹೇಳ್ದೆ ಅನ್ನು. ಇದು ಕಾಣ್ತಾ ಇರಲಿ, ಮೈಸೂರಲ್ಲೂ ಕಾಣ್ತಾ ಇರಲಿ." ಅದರ ಕೆಳಗೆ ಮೂರು ಮಧ್ಯಾಹ್ನದ ಮೂರು ಸಾಲು. ಅದರ ಕೆಳಗೆ ನನ್ನ ಎಡಗೈ ರುಜು. ಅದರ ಕೆಳಗೆ ರಾಧಾಮಣಿ, ದಿನಾಂಕ ಸಮೇತ. ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು, ಯಾರದೋ ಬೈಕು ನಿಲ್ಲಿಸಿ ಹಿಂದೆ ಹತ್ತಿ ಹೋದದ್ದು ನನಗೆ ಕಾಣಿಸಿತು. ಐದು ಗಂಟೆಗೆ ಹತ್ತು ನಿಮಿಷವಿದೆ ಎನ್ನುವಾಗ ಸೇರಿಸಿದಳಂತೆ.

ಮೇಡಂ ಚಮಚ ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಸೋತು ಕೂರುವುದು ನನ್ನ ಜಾತಕದಲ್ಲಿಲ್ಲ.

"ಮೇಡಂ, ನಿಮ್ಮ ಬುಕ್ಕಲ್ಲಿ ಇದ್ನೂ ಬರ್ಕೊಳಿ. ಬರೋ ಯುಗಾದಿಗೆ ಕಬ್ಬಾಳ್ದುರ್ಗದ ಬೆಟ್ಟದಷ್ಟು ದೊಡ್ಡ ಮುದ್ದೆ ತೊಳಸ್ತೀನಿ, ಒಂದೇ ಗುಕ್ಕಿಗೆ ನುಂಗ್ತೀನಿ. ಈ ನಾಕು ತಾಲ್ಲೂಕಲ್ಲಿ ನನ್ನ ಮೀರ್ಸೋ ಗಂಡ್ಸು..."

ರಾಧಾಮಣಿ ಪೆನ್ನಿನ ಮುಚ್ಚಳ ಹಾಕಿದರು.

"ಕಣ್ಣಲ್ಲಿ ನೋಡ್ದೆ ಬರ್ಕೊಳಲ್ಲ ಯಜಮಾನ್ರೇ. ಬೆಟ್ಟ ಬಡಿಸಿದ ದಿನ ಹೇಳಿ ಕಳ್ಸಿ, ಚಮಚ ತಗೊಂಡು ಬಂದು ಎದುರಿಗೆ ಕೂತ್ಕೋತೀನಿ. ಎಲ್ಲಿ, ಹೊರಡೋ ಮುಂಚೆ ಇನ್ನೊಂದ್ಸಲ ಬಾಯಿ ತೆಗೀರಿ."